ಶುಗರ್ ಗ್ಲೈಡರ್ ರೋಮ ಕಳೆದುಕೊಂಡರೆ: ಕಾರಣ ಹುಡುಕುವ ಕೈಪಿಡಿ

ಕಳೆದ ಮಳೆಗಾಲದ ಆಟಿ ತಿಂಗಳ ಒಂದು ಸಂಜೆ ಮಲ್ಲಿಯನ್ನು ಮಲಗುವ ಚೀಲದಿಂದ ಹೊರಗೆ ತೆಗೆದಾಗ ಅವಳ ಬಾಲದ ಬುಡದಲ್ಲಿ ಉಗುರಿನಗಲ ಜಾಗ ಬೋಳಾಗಿತ್ತು. ಹಿಂದಿನ ವಾರ ಅಲ್ಲಿ ದಟ್ಟವಾದ ಬೂದು ತುಪ್ಪಳವಿತ್ತು. ಮಲ್ಲಿ 104 ಗ್ರಾಂ ತೂಗುವ ಹೆಣ್ಣು ಶುಗರ್ ಗ್ಲೈಡರ್, ಅಳಿಲಿನಂತೆ ಕಾಣುವ ಆಸ್ಟ್ರೇಲಿಯಾ ಕಡೆಯ ಪುಟ್ಟ ಪ್ರಾಣಿ. ಮಂಗಳೂರಿನ ಬಿಜೈಯ ನಮ್ಮ ಮನೆಗೆ ಬಂದು ಆಗ ಎರಡು ವರ್ಷವಾಗಿತ್ತು. ಕೇಳಿದವರೆಲ್ಲ ಒಂದೇ ಮಾತು ಹೇಳಿದರು: "ಒಂಟಿಯಾಗಿದ್ದಾಳೆ, ಜೊತೆಗೊಂದು ತನ್ನಿ." ನಾನೂ ನಂಬಿ ಗಂಡೊಂದನ್ನು ತಂದು ಪಕ್ಕದ ಪಂಜರದಲ್ಲಿಟ್ಟೆ. ಹನ್ನೊಂದು ದಿನ ಕಳೆಯಿತು. ಬೋಳು ಹೊಟ್ಟೆಯ ಕೆಳಭಾಗಕ್ಕೂ ಹರಡಿತು. ಕೊನೆಗೆ ಮೂತ್ರ ಪರೀಕ್ಷೆ ಮಾಡಿಸಿದಾಗ ಹರಳುಗಳೂ ಸೋಂಕೂ ಕಂಡವು. ಅವಳು ಉರಿ ತಾಳಲಾರದೆ ನೆಕ್ಕುತ್ತಿದ್ದಳು. ನಾವು ಅದನ್ನು ಬೇಸರ ಎಂದುಕೊಂಡೆವು.

ಆ ಹನ್ನೊಂದು ದಿನ ಅವಳು ಅನುಭವಿಸಿದ್ದು ನನ್ನ ಮನಸ್ಸಿನಿಂದ ಹೋಗಿಲ್ಲ. ಈಗ ಮಣಿಪಾಲ, ಕಾಪು, ಸುರತ್ಕಲ್ ಕಡೆಯಿಂದ ಯಾರಾದರೂ ಫೋಟೊ ಕಳುಹಿಸಿ "ಇದು ಒತ್ತಡ ಇರಬಹುದೇ?" ಎಂದು ಕೇಳಿದರೆ ನಾನು ತಿರುಗಿ ಬೇರೆ ಪ್ರಶ್ನೆ ಕೇಳುತ್ತೇನೆ: ಬೋಳಾಗಿರುವುದು ಎಲ್ಲಿ, ಆ ಜಾಗಕ್ಕೆ ಯಾರ ಹಲ್ಲು ತಲುಪುತ್ತದೆ? ನೋವು, ಸೋಂಕು, ನುಸಿ, ಆಹಾರ, ಹವೆ ಇವುಗಳನ್ನೆಲ್ಲ ಒಂದೊಂದಾಗಿ ತಳ್ಳಿಹಾಕಿದ ಮೇಲೆಯೇ ಒತ್ತಡದ ಸರದಿ.

ರಕ್ತ ಕಂಡರೆ ಈ ಕೈಪಿಡಿಯನ್ನು ಬದಿಗಿಡಿ

ರೋಮ ಹೋಗುವುದು ಒಂದು ಸಂಗತಿ, ಚರ್ಮ ಹರಿಯುವುದು ಇನ್ನೊಂದು. ಈ ಪ್ರಾಣಿ ತನ್ನದೇ ಬಾಲ, ಕಾಲು, ಗುಪ್ತಾಂಗಗಳನ್ನು ಕಚ್ಚಿ ತಿನ್ನುವ ಮಟ್ಟಕ್ಕೆ ಹೋಗಬಲ್ಲದು, ಅದೂ ಒಂದೇ ರಾತ್ರಿಯಲ್ಲಿ. ಚರ್ಮದಲ್ಲಿ ರಕ್ತ, ಹಸಿ ಗಾಯ, ಅಥವಾ ಒಂದೇ ಜಾಗವನ್ನು ಕಚ್ಚುತ್ತಾ ಕಿರುಚುವುದು ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ. ಪಶುವೈದ್ಯರಿಗೆ ಫೋನ್ ಮಾಡಿ. ಅಲ್ಲಿಗೆ ತಲುಪುವವರೆಗೆ ಅದನ್ನು ಮೃದುವಾದ ಬಟ್ಟೆಯಲ್ಲಿ ಸುತ್ತಿ ತಲೆ ಮಾತ್ರ ಹೊರಗಿರುವಂತೆ ಕೈಯಲ್ಲೇ ಹಿಡಿದಿರಿ. ಒಂದು ಕ್ಷಣವೂ ಒಂಟಿಯಾಗಿ ಬಿಡಬೇಡಿ. ಕೊರಳಿಗೆ ಹಾಕುವ ಕೊಡೆಯಂಥ ಪಟ್ಟಿಯನ್ನು ವೈದ್ಯರೇ ಅಳತೆ ನೋಡಿ ಹಾಕಲಿ. ಅಂಚು ಒರಟಾಗಿದ್ದರೆ ಕೊರಳೇ ಗಾಯವಾಗುತ್ತದೆ, ಅಗಲ ಹೆಚ್ಚಾದರೆ ಬಾಯಿ ನೀರಿಗೆ ತಲುಪುವುದಿಲ್ಲ.

ಗಂಡಿನ ಶಿಶ್ನ ಹೊರಗೆ ಬಂದು ಒಳಗೆ ಹೋಗದೆ ಒಣಗುತ್ತಿದ್ದರೆ ಅದೂ ಇದೇ ತುರ್ತು. ಅದು ಎರಡು ಕವಲಾಗಿರುವುದು ಸಹಜ, ಗಾಬರಿ ಬೇಡ. ಆದರೆ ಒಣಗಿದರೆ ಕಚ್ಚಿಕೊಳ್ಳುತ್ತದೆ. ಔಷಧ ಅಂಗಡಿಯ ನಾರ್ಮಲ್ ಸಲೈನ್‌ನಿಂದ ತೇವವಾಗಿಟ್ಟುಕೊಂಡು ಕರೆದೊಯ್ಯಿರಿ. ಮನುಷ್ಯರ ನೋವಿನ ಮಾತ್ರೆಯ ಚೂರನ್ನು ಪುಡಿ ಮಾಡಿ ಕೊಡುವ ಯೋಚನೆಯನ್ನಂತೂ ಬಿಟ್ಟೇಬಿಡಿ. ನೂರು ಗ್ರಾಂ ದೇಹಕ್ಕೆ ಎಷ್ಟು ಎಂದು ಕಣ್ಣಳತೆಯಲ್ಲಿ ಹೇಳಲು ಯಾರಿಂದಲೂ ಆಗದು.

ದೋಷವಲ್ಲದ ಬೋಳು

ಗಂಡಿನ ನೆತ್ತಿಯ ನಡುವೆ ವಜ್ರಾಕಾರದ ಬೋಳು ಜಾಗ ಕಂಡು ಕಣ್ಣೀರು ಹಾಕಿದವರನ್ನು ನೋಡಿದ್ದೇನೆ. ಅದು ವಾಸನೆ ಗ್ರಂಥಿ. ಪ್ರಾಯಕ್ಕೆ ಬಂದ ಗಂಡಿಗೆ ನೆತ್ತಿಯಲ್ಲೊಂದು, ಎದೆಯಲ್ಲೊಂದು ಇಂಥ ಗ್ರಂಥಿ ಇರುತ್ತದೆ. ಅದನ್ನು ಸಂಗಾತಿಯ ಮೈಗೆ ಉಜ್ಜಿ "ಇವಳು ನಮ್ಮವಳು" ಎಂದು ಗುರುತು ಹಾಕುತ್ತದೆ. ಆ ಜಾಗ ನುಣುಪಾಗಿ, ಸ್ವಲ್ಪ ಜಿಡ್ಡಾಗಿ ಇರುತ್ತದೆ. ಕೆಂಪು, ಹುಣ್ಣು, ಹೊಟ್ಟು ಯಾವುದೂ ಇರುವುದಿಲ್ಲ. ಸಂತಾನಹರಣ ಶಸ್ತ್ರಚಿಕಿತ್ಸೆ ಆದ ಮೇಲೆ ಸಾಮಾನ್ಯವಾಗಿ ಅಲ್ಲಿ ರೋಮ ಮತ್ತೆ ಬೆಳೆಯುತ್ತದೆ. ಹೆಣ್ಣಿನ ನೆತ್ತಿಯಲ್ಲಿ ಇಂಥ ಬೋಳು ಕಂಡರೆ ಮಾತ್ರ ಅದು ಸಹಜವಲ್ಲ. ಹೆಣ್ಣಿನ ಹೊಟ್ಟೆಚೀಲದ ಬಾಯಿಯ ಸುತ್ತ ರೋಮ ವಿರಳವಾಗಿ ಹಳದಿ ಛಾಯೆ ಇರುವುದಕ್ಕೂ ಹೆದರಬೇಕಿಲ್ಲ. ನಮ್ಮಲ್ಲಿ ಹಲವರು ಇದನ್ನು ಅಳಿಲಿನ ಜಾತಿ ಎಂದುಕೊಂಡಿದ್ದಾರೆ. ಇದು ಕಾಂಗರೂ, ಕೋಲಾಗಳ ಬಳಗದ ಚೀಲಪ್ರಾಣಿ.

ಎದ್ದ ಕೂಡಲೇ ಸೀನುವಂತೆ ಸದ್ದು ಮಾಡುತ್ತಾ ಕೈಗೆ ಉಗುಳಿಕೊಂಡು ಮುಖ ಉಜ್ಜಿಕೊಳ್ಳುವುದು ಅದರ ದಿನನಿತ್ಯದ ಸ್ನಾನ. ಹಿಂಗಾಲಿನ ಎರಡು ಬೆರಳುಗಳು ಒಂದಕ್ಕೊಂದು ಅಂಟಿಕೊಂಡಿರುವುದು ಹುಟ್ಟಿನ ದೋಷವಲ್ಲ, ಅದೇ ಅದರ ಬಾಚಣಿಗೆ. ಮೈ ಬಾಚಿಕೊಳ್ಳುತ್ತಾ ಅದು ಒಂದು ಜಾಗದಿಂದ ಇನ್ನೊಂದಕ್ಕೆ ಹೋಗುತ್ತಿದ್ದರೆ, ತಿನ್ನಲು ಕರೆದಾಗ ಬಿಟ್ಟು ಬರುತ್ತಿದ್ದರೆ ತೊಂದರೆಯಿಲ್ಲ. ಒಂದೇ ಜಾಗಕ್ಕೆ ಮರಳಿ ಮರಳಿ ಹೋಗುವುದು, ಇಷ್ಟದ ಹುಳವನ್ನು ಮುಂದಿಟ್ಟರೂ ನೆಕ್ಕುವುದನ್ನು ನಿಲ್ಲಿಸದಿರುವುದು ದೋಷದ ಲಕ್ಷಣ.

ಯಾರ ಹಲ್ಲು ತಲುಪುತ್ತದೆ?

ತಲೆಯ ಹಿಂಭಾಗ, ಕತ್ತಿನ ಹಿಂಬದಿ, ಹೆಗಲುಗಳ ನಡುವೆ ಬೋಳಾಗಿದ್ದರೆ ಅಲ್ಲಿಗೆ ಅದರ ಬಾಯಿ ತಲುಪುವುದಿಲ್ಲ. ಹಿಂಗಾಲಿನಿಂದ ಕೆರೆದುಕೊಂಡಿರಬೇಕು, ಇಲ್ಲವೇ ಜೊತೆಗಾರ ಕತ್ತರಿಸಿರಬೇಕು. ಬಾಲದ ಬುಡ, ತೊಡೆಯ ಒಳಭಾಗ, ಹೊಟ್ಟೆ, ಮುಂಗೈ ಇವು ಅದರದೇ ಬಾಯಿಗೆ ಸಿಗುವ ಜಾಗಗಳು. ಇಡೀ ಮೈಯ ರೋಮ ತೆಳುವಾಗಿ ಹೊಳಪು ಕಳೆದುಕೊಂಡಿದ್ದರೆ ಹಲ್ಲಿನ ಮೇಲೆ ಆರೋಪ ಹೊರಿಸುವಂತಿಲ್ಲ. ಕಾರಣ ದೇಹದ ಒಳಗೆ, ಇಲ್ಲವೇ ಊಟದ ಬಟ್ಟಲಿನಲ್ಲಿದೆ.

ಆಮೇಲೆ ಬೋಳು ಜಾಗದ ಮೇಲೆ ಬೆರಳಾಡಿಸಿ. ಗಡ್ಡ ಬೋಳಿಸಿದ ಮಾರನೆಯ ದಿನದ ಕೆನ್ನೆಯಂತೆ ಚುಚ್ಚಿದರೆ ಕೂದಲು ತುಂಡಾಗಿದೆ, ಬುಡ ಉಳಿದಿದೆ. ಅಲ್ಲಿ ಯಾರದೋ ಹಲ್ಲು ಕೆಲಸ ಮಾಡಿದೆ. ಸಂಪೂರ್ಣ ನುಣುಪಾಗಿದ್ದರೆ ಬಹುಶಃ ಬುಡದಿಂದ ಉದುರಿದೆ, ಆದರೂ ಬಹಳ ದಿನ ನೆಕ್ಕಿದ ಜಾಗವೂ ನುಣುಪಾಗುವುದುಂಟು. ಗಡಿಯಾರ ರಿಪೇರಿಯವರು ಬಳಸುವಂಥ ಭೂತಗನ್ನಡಿ ಇದ್ದರೆ ಬೋಳಿನ ಅಂಚಿನ ಕೂದಲಿನ ತುದಿ ನೋಡಿ. ಸಹಜ ಕೂದಲು ತುದಿಗೆ ಹೋಗುತ್ತಾ ಸಪೂರವಾಗುತ್ತದೆ. ಕಚ್ಚಿದ ಕೂದಲಿನ ತುದಿ ಮೊಂಡಾಗಿ ಇಲ್ಲವೇ ಸೀಳಿಕೊಂಡಿರುತ್ತದೆ. ವೈದ್ಯರು ಸೂಕ್ಷ್ಮದರ್ಶಕದಲ್ಲಿ ನೋಡುವುದೂ ಇದನ್ನೇ.

ಎರಡು ಅಥವಾ ಹೆಚ್ಚು ಪ್ರಾಣಿಗಳಿದ್ದರೆ ಊಹೆ ಮಾಡುವ ಬದಲು ಚಿತ್ರೀಕರಿಸಿ. ಹಳೆಯ ಮೊಬೈಲೊಂದನ್ನು ಪಂಜರದ ಮುಂದೆ ನಿಲ್ಲಿಸಿ, ಮಂದವಾದ ಕೆಂಪು ದೀಪ ಹಚ್ಚಿ, ರಾತ್ರಿ ಹತ್ತರಿಂದ ಮುಂಜಾವಿನವರೆಗೆ ದಾಖಲಿಸಿ. ಕಾಪುವಿನ ಒಂದು ಮನೆಯಲ್ಲಿ ಹೆಣ್ಣಿಗೆ ಚರ್ಮರೋಗ ಎಂದು ಮೂರು ವಾರ ಮುಲಾಮು ಹಚ್ಚಿದ್ದರು. ಚಿತ್ರ ನೋಡಿದರೆ ಗಂಡು ಅವಳನ್ನು ಮೂಲೆಗೊತ್ತಿ ಹೆಗಲಿನ ರೋಮವನ್ನು ಹುಲ್ಲು ಕೊಯ್ದಂತೆ ಕಡಿಯುತ್ತಿತ್ತು. ಹೀಗಿದ್ದರೆ ಮೂರು ರಾತ್ರಿ ನಡುವೆ ಜಾಲರಿ ಹಾಕಿ ನೋಡಿ. ಒಂದರ ವಾಸನೆ ಇನ್ನೊಂದಕ್ಕೆ ಸಿಗಬೇಕು, ಹಲ್ಲು ಸಿಗಬಾರದು. ಬೇರೆ ಕೋಣೆಗೆ ಸಾಗಿಸಿದರೆ ಒಂಟಿತನದ ಹೊಸ ತೊಂದರೆ ಹುಟ್ಟಿ ಪರೀಕ್ಷೆಯೇ ಕೆಡುತ್ತದೆ. ಬೋಳು ಬೆಳೆಯುವುದು ನಿಂತರೆ ಉತ್ತರ ಸಿಕ್ಕಿತು. ನಿಲ್ಲದಿದ್ದರೆ ಜೊತೆಗಾರ ನಿರಪರಾಧಿ.

ಬಾಲದ ಬುಡ ಮತ್ತು ಹೊಟ್ಟೆಯ ಕೆಳಭಾಗ

ಮಲ್ಲಿಯ ತೊಂದರೆ ಇಲ್ಲಿತ್ತು, ಹಾಗಾಗಿ ಇದನ್ನು ವಿವರವಾಗಿ ಹೇಳುತ್ತೇನೆ. ಮೂತ್ರಕ್ಕೂ ಮಲಕ್ಕೂ ಮರಿ ಹಾಕುವುದಕ್ಕೂ ಈ ಪ್ರಾಣಿಗೆ ಹೊರಗೆ ಇರುವುದು ಒಂದೇ ದ್ವಾರ. ಅದರ ಅಕ್ಕಪಕ್ಕ ವಾಸನೆ ಗ್ರಂಥಿಗಳಿವೆ. ಮೂತ್ರನಾಳದ ಸೋಂಕು, ಹರಳು, ಗ್ರಂಥಿ ಕಟ್ಟಿಕೊಳ್ಳುವುದು, ಹೆಣ್ಣಾದರೆ ಹೊಟ್ಟೆಚೀಲದ ಸೋಂಕು, ಗಂಡಾದರೆ ಶಸ್ತ್ರಚಿಕಿತ್ಸೆಯ ಹೊಲಿಗೆಯ ಕಿರಿಕಿರಿ, ಇದರಲ್ಲಿ ಯಾವುದಾದರೂ ಆ ಸುತ್ತಿನ ರೋಮವನ್ನು ನೆಕ್ಕಿ ತೆಗೆಯುವಂತೆ ಮಾಡುತ್ತದೆ. ಜೊತೆಗೆ ಇವನ್ನು ಗಮನಿಸಿ: ಹನಿ ಹನಿಯಾಗಿ ಮೂತ್ರ ಮಾಡುತ್ತದೆಯೇ, ಆ ಹೊತ್ತಿಗೆ ಮೈ ಕುಗ್ಗಿಸಿ ಸದ್ದು ಮಾಡುತ್ತದೆಯೇ, ಮೂತ್ರದಲ್ಲಿ ಕೆಂಪು ಛಾಯೆಯಿದೆಯೇ, ಚೀಲದ ಬಾಯಿಯಲ್ಲಿ ದುರ್ವಾಸನೆಯ ದ್ರವವಿದೆಯೇ. ಮಲ್ಲಿ ಎರಡು ವಾರಗಳಿಂದ ಹನಿ ಹನಿಯಾಗಿ ಮೂತ್ರ ಮಾಡುತ್ತಿದ್ದಳು. ನಾನು ಪಂಜರದ ಕೆಳಗಿನ ಕಾಗದ ಬದಲಿಸುತ್ತಲೇ ಇದ್ದೆ, ಆ ಸಣ್ಣ ಸಣ್ಣ ಚುಕ್ಕೆಗಳನ್ನು ಕಂಡೂ ಓದಲಿಲ್ಲ.

ಮೂತ್ರ ಸಂಗ್ರಹಿಸುವುದು ಅಂದುಕೊಂಡಷ್ಟು ಕಷ್ಟವಲ್ಲ. ಸಂಜೆ ಎಚ್ಚರವಾದ ಸ್ವಲ್ಪ ಹೊತ್ತಿನಲ್ಲೇ ಇವು ಮೂತ್ರ ಮಾಡುತ್ತವೆ. ಅದಕ್ಕೆ ಮೊದಲು ಪಂಜರದ ತಳದಲ್ಲಿ ಕಾಗದದ ಬದಲು ತೊಳೆದು ಒರೆಸಿದ ಪ್ಲಾಸ್ಟಿಕ್ ಹಾಳೆ ಹಾಸಿ. ಬಿದ್ದ ಹನಿಗಳನ್ನು ಸೂಜಿ ತೆಗೆದ ಹೊಸ ಸಿರಿಂಜಿನಲ್ಲಿ ಎಳೆದುಕೊಂಡು ತಡಮಾಡದೆ ವೈದ್ಯರಿಗೆ ತಲುಪಿಸಿ. ಕೆಲವೇ ಹನಿ ಸಾಕಾಗುತ್ತದೆ.

ಕೆರೆತ, ಹೊಟ್ಟು, ವೃತ್ತ

ಬೋಳಿನ ಜೊತೆ ಹೊಟ್ಟು, ಹುರುಪೆ, ನಿರಂತರ ಕೆರೆತ ಇದ್ದರೆ ನುಸಿ, ಚಿಗಟ ಅಥವಾ ಶಿಲೀಂಧ್ರವನ್ನು ಹುಡುಕಬೇಕು. ಮನೆಯಲ್ಲಿ ನಾಯಿ ಬೆಕ್ಕು ಇದ್ದರೆ ಚಿಗಟ ಅಲ್ಲಿಂದ ಬಂದಿರಬಹುದು. ಪಾರದರ್ಶಕ ಅಂಟುಪಟ್ಟಿಯ ಒಂದು ತುಂಡನ್ನು ಜಾಗಕ್ಕೆ ಮೆತ್ತಗೆ ಒತ್ತಿ ತೆಗೆದು ಗಾಜಿನ ಚೂರಿನ ಮೇಲೆ ಅಂಟಿಸಿಕೊಂಡು ಹೋದರೆ ವೈದ್ಯರಿಗೆ ಒಂದು ಹೆಜ್ಜೆ ಉಳಿಯುತ್ತದೆ. ನಿಮ್ಮದೇ ಮುಂಗೈ, ಕತ್ತು ನೋಡಿಕೊಳ್ಳಿ. ಅಲ್ಲಿ ಕೆಂಪು ಅಂಚಿನ ವೃತ್ತಾಕಾರದ ಕಜ್ಜಿ ಎದ್ದಿದ್ದರೆ ಹುಳುಕಡ್ಡಿಯ ಅನುಮಾನ ಬಲವಾಗುತ್ತದೆ, ಅದು ಪ್ರಾಣಿಯಿಂದ ಮನುಷ್ಯರಿಗೂ ದಾಟುವ ರೋಗ.

ಇಲ್ಲಿ ನಮ್ಮ ಊರಿನ ಮನೆಮದ್ದಿನ ಬಗ್ಗೆ ಹೇಳಲೇಬೇಕು. ಮಕ್ಕಳ ಕಜ್ಜಿಗೆ ತೆಂಗಿನೆಣ್ಣೆಯಲ್ಲಿ ಕರ್ಪೂರ ಹಾಕಿ ಹಚ್ಚಿ ಬೆಳೆದವರು ನಾವು. ಪ್ರೀತಿಯಿಂದಲೇ ಅದನ್ನು ಇದಕ್ಕೂ ಹಚ್ಚುತ್ತೇವೆ. ಮೈಗೆ ಹಚ್ಚಿದ್ದೆಲ್ಲ ಇದರ ಹೊಟ್ಟೆಗೆ ಹೋಗುತ್ತದೆ, ಕರ್ಪೂರ ಇಷ್ಟು ಸಣ್ಣ ಪ್ರಾಣಿಗೆ ವಿಷ. ಬರಿ ಎಣ್ಣೆಯಾದರೂ ಆ ಜಾಗವನ್ನು ಇನ್ನಷ್ಟು ನೆಕ್ಕಲು ಆಮಂತ್ರಣ ಕೊಟ್ಟಂತೆ. ಅರಿಶಿನ ಚರ್ಮದ ಕೆಂಪನ್ನು ಮುಚ್ಚಿ ವೈದ್ಯರ ಕಣ್ಣು ತಪ್ಪಿಸುತ್ತದೆ. ನಾಯಿಯ ಉಣುಗಿಗೆ ಹಾಕುವ ಪುಡಿ, ಶಾಂಪೂ, ಹನಿ ಔಷಧ ಯಾವುದನ್ನೂ ವೈದ್ಯರು ಪ್ರಮಾಣ ಬರೆದುಕೊಡದೆ ಮುಟ್ಟಬೇಡಿ.

ಕರಾವಳಿಯ ಹವೆ ಮಾಡುವ ಕೆಲಸ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಬಟ್ಟೆ ಒಣಗುವುದಿಲ್ಲ. ಫ್ಲೀಸ್ ಬಟ್ಟೆಯ ಮಲಗುವ ಚೀಲವೂ ಒಣಗುವುದಿಲ್ಲ. ಮುಟ್ಟಿದರೆ ಒಣಗಿದಂತಿರುತ್ತದೆ, ಕೆನ್ನೆಗೆ ಒತ್ತಿದರೆ ತಣ್ಣಗೆ ಹತ್ತುತ್ತದೆ. ಅಂಥ ಚೀಲದಲ್ಲಿ ಹಗಲಿಡೀ ಮಲಗುವ ಪ್ರಾಣಿಯ ಹೊಟ್ಟೆ, ತೊಡೆ ತೇವವಾಗಿ, ಮೂತ್ರದ ಘಾಟು ಸೇರಿ ಚರ್ಮ ಕೆರಳುತ್ತದೆ. ಮಳೆಗಾಲಕ್ಕೆ ಆರೇಳು ಚೀಲ ಹೊಲಿಸಿಟ್ಟುಕೊಳ್ಳಿ. ಫ್ಯಾನಿನ ಕೆಳಗೆ ಆರಿಸಿ, ಮೇಲೊಂದು ಹತ್ತಿ ಬಟ್ಟೆ ಹಾಸಿ ಕಡಿಮೆ ಬಿಸಿಯಲ್ಲಿ ಇಸ್ತ್ರಿ ಮಾಡಿ. ಬಿಸಿ ಹೆಚ್ಚಾದರೆ ಫ್ಲೀಸ್ ಕರಗುತ್ತದೆ. ಒಗೆದ ಮೇಲೆ ಸುವಾಸನೆಗೆ ಹಾಕುವ ದ್ರವ ಬೇಡ. ಕಪಾಟಿನಲ್ಲಿ ನುಸಿಗುಳಿಗೆಯ ಜೊತೆ ಚೀಲ ಇಡಲೇಬೇಡಿ. ಒಳಗಿನ ಹೊಲಿಗೆಯಲ್ಲಿ ಸಡಿಲ ನೂಲಿದ್ದರೆ ಕತ್ತರಿಸಿ. ಬೆರಳಿಗೋ ಬಾಲಕ್ಕೋ ನೂಲು ಸುತ್ತಿ ರಕ್ತಸಂಚಾರ ನಿಂತಾಗ ಅದು ಕಚ್ಚುವುದು ತನ್ನದೇ ಬೆರಳನ್ನು.

ಏಪ್ರಿಲ್, ಮೇ ತಿಂಗಳ ಕಥೆ ಬೇರೆ. ಈ ಪ್ರಾಣಿ ಸೆಕೆಯಾದಾಗ ಮೈ ನೆಕ್ಕಿಕೊಂಡು, ಒದ್ದೆಯಾದ ಭಾಗವನ್ನು ಗಾಳಿಗೆ ಒಡ್ಡಿ ತಂಪು ಮಾಡಿಕೊಳ್ಳುತ್ತದೆ. ಆ ಉಪಾಯದಿಂದ 40 ಡಿಗ್ರಿಯವರೆಗಿನ ಬಿಸಿಯನ್ನೂ ತಾಳಿಕೊಳ್ಳಬಲ್ಲದು. ಒಣ ಹವೆಯಲ್ಲಿ ಎಂಜಲು ಬೇಗ ಆರುತ್ತದೆ, ಮೈ ತಣಿಯುತ್ತದೆ. ಮಂಗಳೂರಿನ ಜಿಗುಟು ಸೆಕೆಯಲ್ಲಿ ನಮ್ಮ ಬೆವರೇ ಆರುವುದಿಲ್ಲ, ಅದರ ಎಂಜಲು ಎಲ್ಲಿಂದ ಆರೀತು? ಹಾಗಾಗಿ ಮತ್ತೆ ಮತ್ತೆ ನೆಕ್ಕುತ್ತದೆ. ಗುರುತಿಸುವುದು ಸುಲಭ: ಮಧ್ಯಾಹ್ನ ಚೀಲ ಬಿಟ್ಟು ಹೊರಗೆ ಚಪ್ಪಟೆಯಾಗಿ ಮಲಗಿ ನೆಕ್ಕುತ್ತದೆ, ರಾತ್ರಿ ತಂಪಾದಾಗ ನಿಲ್ಲಿಸುತ್ತದೆ. ತಾರಸಿಯ ಕೆಳಗಿನ ಕೋಣೆಯಿಂದ, ಪಡುವಣ ಬಿಸಿಲು ಬೀಳುವ ಗೋಡೆಯಿಂದ ಪಂಜರವನ್ನು ಸರಿಸಿ. ತಣ್ಣೀರು ತುಂಬಿದ ಬಾಟಲಿಗೆ ಬಟ್ಟೆ ಸುತ್ತಿ ಒಂದು ಮೂಲೆಯಲ್ಲಿಡಿ. ಕರೆಂಟು ಹೋದ ದಿನ ಕೋಣೆಯ ಕಿಟಕಿ ತೆರೆದಿದೆಯೇ ಎಂದು ನೋಡಿ. ಕರೆಂಟು ಇದ್ದು ತಂಪಾದ ರಾತ್ರಿಯಲ್ಲೂ ನೆಕ್ಕುತ್ತಿದ್ದರೆ ಸೆಕೆಯನ್ನು ದೂರಬೇಡಿ, ಮೇಲೆ ಹೇಳಿದ ಕಾರಣಗಳಿಗೆ ಮರಳಿ.

ಇರುವೆಯನ್ನು ಮರೆಯುವಂತಿಲ್ಲ. ಹಣ್ಣು, ಜೇನು ಇಟ್ಟಲ್ಲಿಗೆ ಅವು ಬಂದೇ ಬರುತ್ತವೆ, ಮಲಗಿದ್ದ ಪ್ರಾಣಿಯ ಪಾದ, ಬಾಲ ಕಚ್ಚುತ್ತವೆ. ಅದಕ್ಕಿಂತ ಕೆಟ್ಟದ್ದು ಇರುವೆಗೆಂದು ಪಂಜರದ ಸುತ್ತ ಎಳೆಯುವ ಸೀಮೆಸುಣ್ಣದ ಗೆರೆ. ಅದರಲ್ಲಿರುವುದು ಕೀಟನಾಶಕ. ಪ್ರಾಣಿ ಅದನ್ನು ತುಳಿದು ಪಾದ ನೆಕ್ಕುತ್ತದೆ. ಹಿಂದೆ ಅಜ್ಜಿಯಂದಿರು ಹಾಲು ತುಪ್ಪದ ಕಪಾಟಿಗೆ ಮಾಡುತ್ತಿದ್ದಂತೆ ಪಂಜರದ ನಾಲ್ಕೂ ಕಾಲುಗಳ ಕೆಳಗೆ ನೀರಿನ ಬಟ್ಟಲಿಡಿ. ಸೊಳ್ಳೆ ಮೊಟ್ಟೆಯಿಡದಂತೆ ದಿನ ಬಿಟ್ಟು ದಿನ ನೀರು ಬದಲಿಸಿ. ಸೊಳ್ಳೆಬತ್ತಿಯ ಹೊಗೆಯೂ ಆ ಕೋಣೆಗೆ ಬೇಡ, ಪಂಜರಕ್ಕೆ ಸೊಳ್ಳೆಪರದೆ ಹಾಕಿದರಾಯಿತು.

ಊಟದ ಬಟ್ಟಲು

ಬಾಳೆಹಣ್ಣು, ದ್ರಾಕ್ಷಿ, ಜೇನುತುಪ್ಪ ಇಷ್ಟರಲ್ಲೇ ಬದುಕುವ ಗ್ಲೈಡರ್‌ಗಳ ರೋಮ ತೆಳುವಾಗಿ, ಮಂಕಾಗಿರುವುದನ್ನು ಮತ್ತೆ ಮತ್ತೆ ಕಂಡಿದ್ದೇನೆ. ತಾಯ್ನಾಡಿನಲ್ಲಿ ಅದು ನೀಲಗಿರಿ, ಅಕೇಶಿಯಾ ಜಾತಿಯ ಮರಗಳ ಅಂಟು, ರಸ, ಮಕರಂದದ ಜೊತೆಗೆ ಕೀಟಗಳನ್ನೂ ತಿನ್ನುತ್ತದೆ. ಹೆಸರಿನಲ್ಲಿರುವ ಸಕ್ಕರೆ ಅದರ ಇಡೀ ಊಟವಲ್ಲ. ಪ್ರೋಟೀನ್ ಸಾಲದಿದ್ದರೆ ರೋಮ ಸೊರಗುತ್ತದೆ. ಕ್ಯಾಲ್ಸಿಯಂ ಸಾಲದಿದ್ದರೆ ಮೊದಲು ಸೋಲುವುದು ಹಿಂಗಾಲು. ಮೀಲ್‌ವರ್ಮ್ ಹುಳದಲ್ಲೂ ಬಾಳೆಯಲ್ಲೂ ಕ್ಯಾಲ್ಸಿಯಂಗಿಂತ ರಂಜಕವೇ (ಫಾಸ್ಫರಸ್) ಹೆಚ್ಚು, ಪಪ್ಪಾಯಿಯಲ್ಲಿ ಕ್ಯಾಲ್ಸಿಯಂ ಹೆಚ್ಚು. ಪಟ್ಟಿಯನ್ನು ವೈದ್ಯರ ಜೊತೆ ಕುಳಿತು ಸರಿಮಾಡಿಕೊಳ್ಳಿ, ಒಂದೇ ದಿನದಲ್ಲಿ ಎಲ್ಲವನ್ನೂ ಬದಲಿಸಬೇಡಿ. ವಾರಕ್ಕೊಮ್ಮೆ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಕ ನೋಡಿ ಬರೆದಿಡಿ. ನೂರು ಗ್ರಾಂ ಜೀವಿ ಹತ್ತು ಗ್ರಾಂ ಇಳಿದರೆ ದೇಹದ ಹತ್ತನೆಯ ಒಂದು ಪಾಲು ಹೋಯಿತು.

ಈಗ ಒತ್ತಡ

ಇಷ್ಟೆಲ್ಲ ದಾಟಿದ ಮೇಲೆ ಉಳಿಯುವುದು ಮನಸ್ಸಿನ ಕಾರಣ. ಅದು ನಿಜವಾದ ಕಾರಣವೇ. ಗುಂಪಿನಲ್ಲಿ ಮೈಗೆ ಮೈ ತಾಗಿಸಿ ಮಲಗುವ ಪ್ರಾಣಿ ಇದು, ಒಂಟಿಯಾಗಿಟ್ಟರೆ ಸೊರಗುತ್ತದೆ. ಪಂಜರದ ಒಂದೇ ಜಾಗದಲ್ಲಿ ಹಿಂದಕ್ಕೆ ಲಾಗ ಹಾಕುತ್ತಲೇ ಇರುವುದು, ಗೋಡೆಯಿಂದ ಗೋಡೆಗೆ ಒಂದೇ ದಾರಿಯಲ್ಲಿ ಓಡುವುದು ಇದರ ಜೊತೆಗಿನ ಗುರುತು. ಹಗಲು ನೆಂಟರಿಗೆ ತೋರಿಸಲೆಂದು ಎಬ್ಬಿಸುವುದು, ರಾತ್ರಿಯಿಡೀ ಟಿವಿ ಕೋಣೆಯ ಬೆಳಕಿನಲ್ಲಿಡುವುದು ಕೂಡ ನೆಕ್ಕಾಟಕ್ಕೆ ದೂಡುತ್ತವೆ. ಕದ್ರಿಯ ಹಂಚಿನ ಮನೆಯೊಂದರಲ್ಲಿ ರಾತ್ರಿ ಒಂದರಿಂದ ಎರಡರ ನಡುವೆ ಮಾತ್ರ ಎರಡೂ ಪ್ರಾಣಿಗಳು ಬೊಗಳುವ ಸದ್ದು ಮಾಡಿ ಆಮೇಲೆ ಗಂಟೆಗಟ್ಟಲೆ ಮೈ ಕಚ್ಚುತ್ತಿದ್ದವು. ಮಾಡಿನ ಮೇಲೆ ಪುನುಗು ಬೆಕ್ಕು ಓಡಾಡುವ ಹೊತ್ತು ಅದು. ಪಂಜರವನ್ನು ಸಿಮೆಂಟು ಛಾವಣಿಯ ಒಳಕೋಣೆಗೆ ಸಾಗಿಸಿದ ಮೇಲೆ ಕಚ್ಚುವುದು ನಿಂತಿತು. ಟಿಪ್ಪಣಿ ಪುಸ್ತಕದಲ್ಲಿ ಸಮಯ ಬರೆದಿಟ್ಟದ್ದರಿಂದಲೇ ಅದು ಗೊತ್ತಾಯಿತು. ಭೂತಗಳ ನೇಮದ ಧ್ವನಿವರ್ಧಕ, ದೀಪಾವಳಿಯ ಪಟಾಕಿ, ಪಕ್ಕದ ಮನೆಯ ಕಲ್ಲು ಕೊರೆಯುವ ಯಂತ್ರ ಎಲ್ಲವನ್ನೂ ದಿನಾಂಕದ ಜೊತೆ ಬರೆಯಿರಿ.

ಜೊತೆ ತರುವ ನಿರ್ಧಾರ ಮಾಡಿದರೆ ಹೊಸದನ್ನು ಮೊದಲು ಬೇರೆ ಕೋಣೆಯಲ್ಲಿಟ್ಟು, ವೈದ್ಯರಿಗೆ ತೋರಿಸಿ, ಆಮೇಲೆ ವಾರಗಳ ಕಾಲ ಚೀಲಗಳನ್ನು ಅದಲು ಬದಲು ಮಾಡಿ ವಾಸನೆಯ ಪರಿಚಯ ಮಾಡಿಸಿ. ನೋವಿನಲ್ಲಿರುವ ಪ್ರಾಣಿಯ ಪಕ್ಕ ಅಪರಿಚಿತನನ್ನು ತಂದು ನಿಲ್ಲಿಸಬೇಡಿ. ಮಲ್ಲಿಗೆ ನಾನು ಅದನ್ನೇ ಮಾಡಿದ್ದೆ.

ವೈದ್ಯರ ಬಳಿಗೆ

ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆಗಳ ಹೆಚ್ಚಿನ ಪಶುವೈದ್ಯರು ದಿನವಿಡೀ ನೋಡುವುದು ಹಸು, ನಾಯಿ, ಬೆಕ್ಕುಗಳನ್ನು. ನಾನು ಮೊದಲು ಹೋದ ವೈದ್ಯರು "ಈ ಪ್ರಾಣಿಯನ್ನು ನಾನು ಚಿಕಿತ್ಸೆ ಮಾಡಿಲ್ಲ" ಎಂದು ನೇರವಾಗಿ ಹೇಳಿ, ಅನುಭವವಿದ್ದ ಇನ್ನೊಬ್ಬರಿಗೆ ತಾವೇ ಫೋನ್ ಮಾಡಿದರು. ಆ ಪ್ರಾಮಾಣಿಕತೆಗೆ ನಾನು ಋಣಿ. ಹೊರಡುವ ಮೊದಲು ಫೋನಿನಲ್ಲಿ ಕೇಳಿಕೊಳ್ಳಿ: ಇಂಥ ಸಣ್ಣ ಪ್ರಾಣಿಗಳನ್ನು ನೋಡುತ್ತೀರಾ, ಗ್ರಾಂ ಲೆಕ್ಕದ ತಕ್ಕಡಿ ಇದೆಯೇ, ಅನಿಲದ ಅರಿವಳಿಕೆ ಇದೆಯೇ. ಉಡುಪಿಯಿಂದ ಮಂಗಳೂರಿಗೆ ಸುಮಾರು 60 ಕಿಲೋಮೀಟರ್ ಇದೆ, ಸುಮ್ಮನೆ ಹೋಗಿ ಮರಳುವುದು ಪ್ರಾಣಿಗೂ ಹಿಂಸೆ. ಜೋಡಿಯಿದ್ದರೆ, ಜಗಳವಿಲ್ಲದಿದ್ದರೆ, ಎರಡನ್ನೂ ಒಂದೇ ಚೀಲದಲ್ಲಿ ಕರೆದೊಯ್ಯಿರಿ. ನಡುಮಧ್ಯಾಹ್ನದ ಪ್ರಯಾಣ ಬೇಡ.

ಒಂದು ಹಾಳೆಯಲ್ಲಿ ವಯಸ್ಸು, ಗಂಡೋ ಹೆಣ್ಣೋ, ತೂಕದ ಪಟ್ಟಿ, ಬೋಳು ಕಂಡ ದಿನ, ಊಟ, ಪಂಜರದ ಬಳಿ ಬಳಸಿದ ರಾಸಾಯನಿಕಗಳು, ಈಗಾಗಲೇ ಹಚ್ಚಿದ ಮದ್ದು ಎಲ್ಲ ಬರೆಯಿರಿ. ಕೊನೆಯದನ್ನು ಸಂಕೋಚದಿಂದ ಮುಚ್ಚಿಡಬೇಡಿ. ಬೋಳು ಜಾಗದ ಫೋಟೊವನ್ನು ಮೂರು ದಿನಕ್ಕೊಮ್ಮೆ ಅದೇ ಬೆಳಕಿನಲ್ಲಿ, ಪಕ್ಕದಲ್ಲಿ ಐದು ರೂಪಾಯಿ ನಾಣ್ಯವಿಟ್ಟು ತೆಗೆಯಿರಿ. ನೆನಪಿಗೆ ಬೋಳು ಒಮ್ಮೆ ದೊಡ್ಡದಾಗಿ, ಒಮ್ಮೆ ಸಣ್ಣದಾಗಿ ಕಾಣುತ್ತದೆ, ನಾಣ್ಯದ ಅಳತೆ ಬದಲಾಗುವುದಿಲ್ಲ.

ಮದ್ದು ಶುರುವಾದ ಮೇಲೆ ಮೊದಲು ನಿಲ್ಲಬೇಕಾದದ್ದು ನೆಕ್ಕುವುದು. ರೋಮ ಬರಲು ವಾರಗಳು ಹಿಡಿಯುತ್ತವೆ. ಮಲ್ಲಿ ನಾಲ್ಕನೆಯ ರಾತ್ರಿ ನೆಕ್ಕುವುದನ್ನು ಬಿಟ್ಟು ಹುಳಕ್ಕಾಗಿ ಕೈಗೆ ಹಾರಿದಳು. ಚೌತಿಯ ಹೊತ್ತಿಗೆ ಬಾಲದ ಬುಡದಲ್ಲಿ ನೆರಳಿನಂಥ ಬೂದು ಬಣ್ಣ, ನವರಾತ್ರಿಯ ಹೊತ್ತಿಗೆ ಬೆರಳು ಹುದುಗುವಷ್ಟು ತುಪ್ಪಳ. ವೈದ್ಯರು ಹೇಳಿದ ದಿನಕ್ಕೆ ಮೂತ್ರವನ್ನು ಮತ್ತೊಮ್ಮೆ ಪರೀಕ್ಷೆ ಮಾಡಿಸಿದೆ, ಹರಳಿರಲಿಲ್ಲ. ಈಗಲೂ ಪ್ರತಿ ಭಾನುವಾರ ಸಂಜೆ ಅವಳನ್ನೂ ಅವಳ ಜೊತೆಗಾರನನ್ನೂ ತೂಗುತ್ತೇನೆ, ಪಂಜರದ ಕಾಗದವನ್ನು ಎಸೆಯುವ ಮೊದಲು ಬೆಳಕಿಗೆ ಹಿಡಿದು ಚುಕ್ಕೆಗಳನ್ನು ನೋಡುತ್ತೇನೆ.